ಎರಡನೇ ಬ್ಯಾಟರಿ

ಮೂವತ್ತೊಂದು ವರ್ಷ ಜೇವರ್ಗಿಯಲ್ಲಿ ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿದವನು ನಾನು. ಕಾನಸ ಹಿಡಿದು ಕಬ್ಬಿಣ ಉಜ್ಜುವುದರಿಂದ ಹಿಡಿದು ಕೂದಲೆಳೆಯಷ್ಟು ಸಂದು ಅಳೆಯುವವರೆಗೆ ಎಲ್ಲ ನನ್ನ ಬೆರಳ ತುದಿಯಲ್ಲಿತ್ತು. "ಮಷೀನ್ ತಪ್ಪು ಮಾಡಂಗಿಲ್ಲ, ತಪ್ಪು ಮಾಡಾಂವ ನೀ ಲೇ" ಎಂದು ಎಷ್ಟು ಹುಡುಗರ ತಲೆಗೆ ಮೊಟಕಿದ್ದೇನೋ ಲೆಕ್ಕವಿಲ್ಲ. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ ನಾನು ಎಂಥ ಸೊಕ್ಕಿನ ಮನುಷ್ಯ ಎಂಬುದು ಓದುವವರಿಗೆ ಗೊತ್ತಿರಲಿ ಎಂದು. ಮುಂದಿನದನ್ನು ಓದಿ ಯಾರಿಗಾದರೂ ನನ್ನ ಮೇಲೆ ಕನಿಕರ ಬಂದರೆ ಅದು ನನಗೆ ಬೇಡ.

ನಿವೃತ್ತನಾಗಿ ಅಫಜಲಪುರದ ಮನೆಗೆ ಬಂದು ಕೂತ ಮೇಲೆ ನನಗೆ ಹೊತ್ತೇ ಹೋಗುತ್ತಿರಲಿಲ್ಲ. ಕಟ್ಟೆಗೆ ಕೂತು ರಾಜಕೀಯ ಮಾತಾಡುವುದು ನನ್ನಿಂದಾಗದು, ಐದು ನಿಮಿಷಕ್ಕೆ ಯಾರ ಜೊತೆಗಾದರೂ ಜಗಳ ಬೀಳುತ್ತದೆ. ಹೀಗಿರುವಾಗ ಸೋಲಾಪುರಕ್ಕೆ ಮದುವೆಗೆಂದು ಹೋದವನು ಅಲ್ಲಿನ ಪೇಟೆಯಲ್ಲಿ ಬಾಗಿಲು ಮುಚ್ಚಲು ಹೊರಟಿದ್ದ ಒಂದು ಅಂಗಡಿಯ ಗಾಜಿನ ಹಿಂದೆ ಅದನ್ನು ಕಂಡೆ. ರಿಮೋಟಿನಿಂದ ಹಾರಿಸುವ ಹೆಲಿಕಾಪ್ಟರು. ಜಾತ್ರೆಯಲ್ಲಿ ಮಾರುವ ಆಟಿಕೆಯಲ್ಲ. ಒಂದೂವರೆ ಮೊಳ ಉದ್ದ, ಒಳಗೆ ನಿಜವಾದ ಗೇರುಗಳು, ಬೇರಿಂಗುಗಳು, ಸೂಜಿಯಷ್ಟು ತೆಳ್ಳನೆಯ ಕಡ್ಡಿಗಳು. ಎಲ್ಲ ಬಿಡಿಬಿಡಿಯಾಗಿ ಡಬ್ಬಿಯಲ್ಲಿತ್ತು, ನಾವೇ ಜೋಡಿಸಿಕೊಳ್ಳಬೇಕು. ಜೊತೆಗೆ ಎರಡು ಬ್ಯಾಟರಿ. ಎಷ್ಟು ಕೊಟ್ಟೆ ಎಂದು ಹೆಂಡತಿಗೇ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

"ಈ ವಯಸ್ಸಿಗೆ ಇದೇನ್ರೀ?" ಎಂದಳು ಹೆಂಡತಿ, ಡಬ್ಬಿಯ ಮೇಲಿನ ಚಿತ್ರ ನೋಡುತ್ತ.

"ನಿನಗ ತಿಳ್ಯಂಗಿಲ್ಲ, ಸುಮ್ಕಿರ್ ಬೇ" ಎಂದೆ ನಾನು.

ಇದು ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುವ ಮಾತು. ಆಕೆ ಆಳಂದ ಕಡೆಯ ನಿಂಬರ್ಗಾದವಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ನಾಪಾಸಾದಳೆಂದು ಸಾಲೆ ಬಿಡಿಸಿ ಹೊಲಕ್ಕೆ ಕಳಿಸಿದ್ದರು. ಅಂದಿನಿಂದ ತವರಿನಲ್ಲಿ ಆಕೆಯ ಹೆಸರೇ 'ನಮ್ ದಡ್ಡಿ' ಎಂದಾಯಿತು. ಅವಳವ್ವ ಅದನ್ನು ಮುದ್ದಿನಿಂದಲೇ ಕರೆಯುತ್ತಿದ್ದಳು ಅನ್ನಿ. ಮದುವೆಯಾದ ಮೇಲೆ ನಾನೂ ಆ ಮಾತನ್ನು ತಗೊಂಡೆ. ನನ್ನ ಬಾಯಲ್ಲಿ ಅದರಲ್ಲಿ ಮುದ್ದು ಇರಲಿಲ್ಲ.

ಹನ್ನೆರಡು ದಿನ ಊಟದ ಮೇಜಿನ ಮೇಲೆ ಕೂತು ಅದನ್ನು ಜೋಡಿಸಿದೆ. ಇಂಥ ಹೆಲಿಕಾಪ್ಟರಿನ ಜೀವವೆಲ್ಲ ಮೇಲಿನ ರೆಕ್ಕೆಗಳ ಬುಡದಲ್ಲಿರುವ ಒಂದು ಸಣ್ಣ ತಟ್ಟೆಯಲ್ಲಿರುತ್ತದೆ. ಬಳೆಯಷ್ಟೂ ಅಗಲವಿಲ್ಲ. ಮೂರು ಪುಟಾಣಿ ಮೋಟಾರುಗಳು ಮೂರು ಕಡ್ಡಿಗಳಿಂದ ಅದನ್ನು ಹಿಡಿದಿರುತ್ತವೆ. ರಿಮೋಟಿನ ಕೋಲನ್ನು ಮುಂದೆ ದೂಡಿದರೆ ತಟ್ಟೆ ಮುಂದೆ ಬಾಗುತ್ತದೆ, ಹೆಲಿಕಾಪ್ಟರು ಮುಂದೆ ಹೋಗುತ್ತದೆ. ಎಡಕ್ಕೆ ದೂಡಿದರೆ ಎಡಕ್ಕೆ. ಕೋಲು ನಡುವೆ ನಿಂತಾಗ ತಟ್ಟೆ ಬರೋಬ್ಬರಿ ಸಮತಟ್ಟಾಗಿರಬೇಕು. ಇದೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ಕಡ್ಡಿಗಳನ್ನು ಅರ್ಧರ್ಧ ಸುತ್ತು ತಿರುವಿ, ಸಣ್ಣ ಮಟ್ಟಗೋಲು ಇಟ್ಟು ನೋಡಿ, ಮೀಸೆ ತಿರುವಿಕೊಂಡೆ.

ಹದಿಮೂರನೇ ದಿನ ಅಂಗಳದಲ್ಲಿ ಅದನ್ನು ಕಲ್ಲಿಗೆ ಬಿಗಿದು ರೆಕ್ಕೆ ತಿರುಗಿಸಿದೆನೋ ಇಲ್ಲವೋ, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಒಂದು ಸ್ಕ್ರೂ ಹಾರಿ ತುಳಸಿಕಟ್ಟೆಗೆ ಬಡಿಯಿತು. ಸೋಲಾಪುರದವನ ವಂಶವನ್ನೆಲ್ಲ ಬೈದೆ. ಹೆಂಡತಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು:

"ಆ ಎರಡೂ ರೆಕ್ಕಿ ಒಂದಽ ತೂಕ ಅವೇನ್ರೀ?"

"ಮಾಡಿದವ್ರು ತೂಗಿಽ ಕಳಿಸಿರ್ತಾರ. ನಿನ್ನ ಬ್ಯಾಳಿ ನೀ ನೋಡ್ಕೋ."

ಬೇಳೆ ನೋಡಿಕೊಂಡಳು. ಅರ್ಧ ತಾಸಾದ ಮೇಲೆ ಎದ್ದು ಬಂದು, ರೆಕ್ಕೆಗಳನ್ನು ಬಿಚ್ಚಿಕೊಡಿ ಎಂದಳು. ಎರಡರ ಬುಡವನ್ನೂ ಸೇರಿಸಿ ಒಂದೇ ಸ್ಕ್ರೂ ಹಾಕಿಸಿದಳು. ಆ ಸ್ಕ್ರೂವನ್ನು ಎರಡು ಸ್ಟೀಲ್ ಲೋಟಗಳ ಅಂಚಿನ ಮೇಲೆ ಅಡ್ಡ ಇಟ್ಟಳು. ತಕ್ಕಡಿಯ ಹಾಗೆ ಒಂದು ರೆಕ್ಕೆ ಸೀದಾ ಕೆಳಗೆ ಬಂತು. ಒಳಗೆ ಹೋಗಿ ತನ್ನ ಹಣೆಗೆ ಹಚ್ಚುವ ಟಿಕಳಿಯ ಪಾಕೀಟು ತಂದು, ಹಗುರವಾದ ರೆಕ್ಕೆಯ ತುದಿಗೆ ಒಂದು ಕೆಂಪು ಟಿಕಳಿ ಅಂಟಿಸಿದಳು. ಸಾಲಲಿಲ್ಲ. ಇನ್ನೊಂದು ಅಂಟಿಸಿದಳು. ಎರಡೂ ರೆಕ್ಕೆ ಸಮ ನಿಂತವು. ಮತ್ತೆ ತಿರುಗಿಸಿದಾಗ ನಡುಕ ಹೋಗಿತ್ತು. ಆಕೆ ಹತ್ತು ಹೆಜ್ಜೆ ದೂರ ಕುಕ್ಕರಗಾಲಲ್ಲಿ ಕೂತು ತಿರುಗುವ ರೆಕ್ಕೆಗಳನ್ನು ಅಡ್ಡದಿಂದ ನೋಡಿ, "ಟಿಕಳಿ ಇದ್ದದ್ದು ಜರಾ ಮ್ಯಾಲ ಹಾರಾಕತ್ತದ್ರಿ" ಎಂದಳು. ಆ ರೆಕ್ಕೆಯ ಕಡ್ಡಿಯನ್ನು ಒಂದು ಸುತ್ತು ತಿರುವಿದೆ, ಎರಡೂ ಒಂದೇ ಎತ್ತರಕ್ಕೆ ಬಂದವು.

ನಾನು ಏನಂದೆ ಗೊತ್ತೇ? "ಅದನ್ನಽ ನಾನೂ ಮಾಡಬೇಕಂತಿದ್ದೆ" ಅಂದೆ.

ಆಮೇಲೆ ಶುರುವಾಯಿತು ಟ್ರಿಮ್ಮಿನ ಗೋಳು. ರಿಮೋಟಿನ ಪ್ರತಿ ಕೋಲಿನ ಪಕ್ಕಕ್ಕೆ ಒಂದು ಸಣ್ಣ ಗುಂಡಿ ಇರುತ್ತದೆ. ಒಂದು ಸಲ ಒತ್ತಿದರೆ 'ಟಿಕ್' ಎನ್ನುತ್ತದೆ, ಆ ತಟ್ಟೆ ಕೂದಲೆಳೆಯಷ್ಟು ಆ ಕಡೆ ಬಾಗುತ್ತದೆ. ಕೋಲಿನಿಂದ ಕೈ ತೆಗೆದರೂ ಹೆಲಿಕಾಪ್ಟರು ಯಾವ ಕಡೆಗೂ ಜಾರಬಾರದು, ಅಲ್ಲಿಯವರೆಗೆ ಟಿಕ್ ಟಿಕ್ ಎನ್ನಿಸುತ್ತ ಹೊಂದಿಸುವುದಕ್ಕೆ ಟ್ರಿಮ್ ಎನ್ನುತ್ತಾರೆ. ಹೊಸಬರು ಅದನ್ನು ಮೇಲೆ ಹಾರಿಸಬಾರದು. ಅದರ ಕಾಲಿಗೆ ಅಡ್ಡಡ್ಡ ಬಿದಿರ ಕಡ್ಡಿ ಕಟ್ಟಿ, ತುದಿಗೆ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಿ, ನೆಲದ ಮೇಲೆ ಹಗುರಾಗುವಷ್ಟು ಮಾತ್ರ ವೇಗ ಕೊಡಬೇಕು. ಆಗ ಅದು ಯಾವ ಕಡೆ ಜಾರುತ್ತದೋ ನೋಡಿ ಅದರ ಎದುರಿನ ಗುಂಡಿ ಒತ್ತಬೇಕು.

ಚೌಡಾಪುರದ ರಸ್ತೆಗೆ ಹೊಂದಿಕೊಂಡು, ಕಲ್ಲು ನೆಟ್ಟು ವರ್ಷಗಳಾದರೂ ಯಾರೂ ಮನೆ ಕಟ್ಟದ ಪ್ಲಾಟುಗಳ ಬಯಲು ಇದೆ. ದಿನಾ ಸಂಜೆ ಐದಕ್ಕೆ ಅಲ್ಲಿಗೆ ಹೋಗುತ್ತಿದ್ದೆ. ಬಡಗಣ ದಿಕ್ಕಿಗೆ ಮುಖ ಮಾಡಿ ಹೆಲಿಕಾಪ್ಟರಿನ ಬಾಲದ ಹಿಂದೆ ನಿಲ್ಲುತ್ತಿದ್ದೆ. ಅದು ಎಡಕ್ಕೆ ಜಾರುತ್ತಿತ್ತು. ಬಲಕ್ಕೆ ಎರಡು ಟಿಕ್. ಮತ್ತೆ ಎಡಕ್ಕೆ. ಇನ್ನೂ ಮೂರು ಟಿಕ್. ಮರುದಿನ ಮತ್ತೆ ಎಡಕ್ಕೆ. ನಾಲ್ಕನೇ ದಿನಕ್ಕೆ ಗುಂಡಿಯ ಟಿಕ್ ಮುಗಿದೇ ಹೋಯಿತು, ಇನ್ನು ಬಲಕ್ಕೆ ಜಾಗವಿಲ್ಲ. ಸರಿ, ತಟ್ಟೆಯ ಕಡ್ಡಿಗಳಿಗೇ ಕೈ ಹಾಕಿದೆ. ಸಮತಟ್ಟಾಗಿದ್ದ ತಟ್ಟೆಯನ್ನು ಬಲಕ್ಕೆ ಓರೆ ಮಾಡಿದೆ. ಒಂದು ಸಂಜೆ ಗಾಳಿ ನಿಂತಿತ್ತು, ಅಂದು ಅದು ಏಕಾಏಕಿ ಬಲಕ್ಕೆ ನುಗ್ಗಿ ಪ್ಲಾಟಿನ ಕಲ್ಲಿಗೆ ಗುದ್ದಿ ಮಗ್ಗುಲಾಯಿತು. ಥೂ ನಿನ್ನ! ಎಂದು ರಿಮೋಟನ್ನೇ ನೆಲಕ್ಕೆ ಕುಕ್ಕುವವನಿದ್ದೆ. ದಿನಕ್ಕೊಂದು ಬುದ್ಧಿ ತೋರಿಸುವ ಹಾಳು ಮಷೀನು ಎಂದು ದಾರಿಯುದ್ದಕ್ಕೂ ಗೊಣಗುತ್ತ ಬಂದೆ.

ಎಂಟನೇ ಸಂಜೆ ಹೆಂಡತಿ ಥರ್ಮಾಸಿನಲ್ಲಿ ಚಹಾ ತಗೊಂಡು ಬಯಲಿಗೆ ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಬೇಳೆ ಕೇರುವಾಗ ಬಿದ್ದ ಒಂದು ಹಿಡಿ ಹೊಟ್ಟು ಇತ್ತು. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಾಳೆ! ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿ ಚಿಟಿಕೆ ಚಿಟಿಕೆಯಾಗಿ ಬಿಟ್ಟಳು. ಹೊಟ್ಟು ಓರೆಯಾಗಿ ಎಡಕ್ಕೆ ಹಾರಿ ನಾಲ್ಕು ಹೆಜ್ಜೆ ಆಚೆ ಬಿತ್ತು.

"ಮೂಡಗಾಳಿ ಅದ್ರೀ. ಈ ಗಾಳಿಗೆ ಎರಡು ಚೀಲ ತೂರಬಹುದು. ಜಾರಾಕತ್ತಿದ್ದು ನಿಮ್ಮ ಮಷೀನಲ್ಲ."

ಕಣದಲ್ಲಿ ರಾಶಿ ತೂರುವವರು ಮೊದಲು ಹೀಗೆಯೇ ಹೊಟ್ಟು ಬಿಟ್ಟು ಗಾಳಿಯ ದಿಕ್ಕು ನೋಡುತ್ತಾರೆ. ಅದನ್ನು ನಾನೂ ನೂರು ಸಲ ಕಂಡಿದ್ದೆ. ಆದರೂ ಎಂಟು ದಿನ ನಾನು ಗಾಳಿಗೆ ಟ್ರಿಮ್ ಮಾಡುತ್ತಿದ್ದೆ, ಹೆಲಿಕಾಪ್ಟರಿಗಲ್ಲ. ಮೂವತ್ತೊಂದು ವರ್ಷ ಛಾವಣಿ ಇದ್ದ ವರ್ಕ್‌ಶಾಪಿನಲ್ಲಿ ಕಳೆದವನಿಗೆ ಗಾಳಿ ಎಂಬುದೊಂದಿದೆ ಎಂಬುದೇ ಮರೆತುಹೋಗಿತ್ತು.

"ಎಲ್ಲಾ ಬಿಚ್ಚಿ ಮೊದಲಿನಂಗ ಸಮ ಮಾಡ್ರಿ. ನಸುಕಿನ್ಯಾಗ ಬರೋಣು. ಹೊಟ್ಟು ಬಿಟ್ರ ಕಾಲ ಮ್ಯಾಲ ಬೀಳೂ ಹೊತ್ನ್ಯಾಗ ಹೊಂದಿಸಬೇಕು" ಎಂದಳು.

"ನನಗ ಕಲಿಸಾಕ ಬರ್ತಿಯೇನು?" ಎಂದು ಗದರಿದೆ. ಆದರೆ ಆ ರಾತ್ರಿ ಕಡ್ಡಿಗಳನ್ನು ಬಿಚ್ಚಿ ಮತ್ತೆ ಸಮ ಮಾಡಿದೆ, ಟ್ರಿಮ್ಮಿನ ಗುಂಡಿಯನ್ನೂ ನಡುವಿಗೆ ತಂದೆ.

ಬೆಳಗಿನ ಬಯಲಿನಲ್ಲಿ ಹೊಟ್ಟು ಆಕೆಯ ಪಾದದ ಮೇಲೆಯೇ ಬಿತ್ತು. ಗಾಳಿ ಇಲ್ಲದಿದ್ದರೂ ಹೆಲಿಕಾಪ್ಟರು ಎಡಕ್ಕೆ ತುಸು ಜಾರುತ್ತಿತ್ತು. ಬಾಲದ ಸಣ್ಣ ರೆಕ್ಕೆ ಅದನ್ನು ಆ ಕಡೆಗೆ ದೂಡುತ್ತದಂತೆ, ಅದು ಇಂಥ ಯಂತ್ರಗಳ ಜಾತಿಗುಣ. ಬಲಕ್ಕೆ ಮೂರು ಟಿಕ್, ಹಿಂದಕ್ಕೆ ಒಂದು. ಅಷ್ಟೇ. ಮೂರೂ ಟಿಕ್ಕನ್ನು ಆಕೆಯೇ ಎಣಿಸಿ ಹೇಳಿದ್ದು. ಅಷ್ಟಾದ ಮೇಲೆ ಕೈ ಒರೆಸಿಕೊಂಡು, "ಜರಾ ನನ್ನ ಕೈಯಾಗ ಕೊಡ್ರಿ" ಎಂದಳು.

ಕೊಟ್ಟೆ. ಖರೆ ಹೇಳಬೇಕೆಂದರೆ, ಬೀಳಿಸಲಿ ಎಂದೇ ಕೊಟ್ಟೆ.

ಮೊದಲ ದಿನ ನೆಲ ಬಿಡಲಿಲ್ಲ. ಮೂರನೇ ದಿನ ಗೇಣೆತ್ತರ ಎದ್ದಿತು. ವಾರ ಕಳೆಯುವುದರೊಳಗೆ ಎದೆಯ ಮಟ್ಟದಲ್ಲಿ, ನೆಟ್ಟ ಗೂಟದ ಹಾಗೆ, ನಿಂತಲ್ಲೇ ನಿಂತಿತು. ನನ್ನ ಕೈಯಲ್ಲಿ ಅದು ಕುಡಿದವನ ಹಾಗೆ ತೂರಾಡುತ್ತಿತ್ತು. ಅದು ಎಡಕ್ಕೆ ಹೋದದ್ದು ಕಂಡ ಮೇಲೆ ನಾನು ಬಲಕ್ಕೆ ದೂಡುತ್ತಿದ್ದೆ, ಅಷ್ಟರಲ್ಲಿ ಅದು ಇನ್ನೆಲ್ಲೋ ಇರುತ್ತಿತ್ತು. ಆಕೆ ಅದು ಹೋಗುವ ಮೊದಲೇ ಬೆರಳನ್ನು ಕೂದಲಷ್ಟು ಅಲುಗಿಸಿ ಬಿಡುತ್ತಿದ್ದಳು.

"ಹ್ಯಾಂಗ ತಿಳೀತದ ನಿನಗ?" ಎಂದು ಸಿಡುಕುತ್ತಲೇ ಕೇಳಿದೆ.

"ಮೊರದಾಗ ಕಾಳು ತುದಿಗೆ ಬಂದ ಮ್ಯಾಲ ಮೊರ ಎತ್ತಿದ್ರ ಏನ್ ಉಪಯೋಗ್ರಿ? ಚೆಲ್ಲೇ ಹೋಗಿರ್ತದ. ಹಂಗಽ ಇದು."

ಆಕೆ ನಗುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದ್ದೇವೆ, ಆ ನಗುವನ್ನು ನಾನು ಹೆಚ್ಚು ಕಂಡಿರಲಿಲ್ಲ. ಅದನ್ನು ಕಂಡು ಖುಷಿಯಾಗಬೇಕಿತ್ತು. ನನಗಾದದ್ದು ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ, ಕಟ್ಟಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಹೇಗೋ ಒಂದು ತಿಂಗಳಿಗೆ ನನಗೂ ಅದನ್ನು ಎತ್ತಿ ನಿಲ್ಲಿಸಿ ಇಳಿಸಲು ಬಂತು. ಅದೂ ಆಕೆ ಹೊಂದಿಸಿಟ್ಟಿದ್ದ ಕಾರಣಕ್ಕೆ, ನನ್ನ ಕೈಚಳಕದಿಂದಲ್ಲ.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ನಾವು ಪ್ರತಿ ವರ್ಷ ನಿಂಬರ್ಗಾಕ್ಕೆ, ಅವಳ ತಮ್ಮನ ಹೊಲಕ್ಕೆ ಹೋಗುತ್ತೇವೆ. ಒಂದು ಬೆಳಿಗ್ಗೆ ಬಯಲಿನಿಂದ ಮನೆಗೆ ಬರುವಾಗ ಆಕೆ ದಾರಿ ನೋಡುತ್ತಲೇ ಹೇಳಿದಳು:

"ಅಮಾಸಿಗೆ ಇದನ್ನ ನಮ್ಮ ಹೊಲಕ್ಕ ಒಯ್ಯೋಣ್ರಿ. ನಮ್ಮವ್ವನ ಮುಂದ, ತಮ್ಮನ ಮುಂದ ನಾ ಒಂದ್ಸಲ ಹಾರಸ್ತೇನಿ. ಮೊದಲ್ನೇ ಬ್ಯಾಟರಿ ನಿಮ್ಮದು, ಎರಡ್ನೇದು ನನಗ ಕೊಡ್ರಿ. ಒಂದಽ ಒಂದ್ಸಲ."

ಆಕೆ ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ಸೀರೆ ಕೇಳಲಿಲ್ಲ, ಊರು ತಿರುಗಿಸು ಅನ್ನಲಿಲ್ಲ. ಇದೊಂದನ್ನು ಕೇಳಿದಳು. "ಆಯ್ತು ತಗೋ, ಅದ್ರಾಗೇನದ" ಎಂದೆ. ಆ ಹೊತ್ತಿಗೆ ಮನಸ್ಸಿನಿಂದಲೇ ಅಂದಿದ್ದೆ ಎಂದು ಇವತ್ತಿಗೂ ನಂಬಲು ನೋಡುತ್ತೇನೆ.

ಅಮಾವಾಸ್ಯೆಯ ದಿನ ತವರುಮನೆಯಲ್ಲಿ ಎಲ್ಲರನ್ನೂ ಎಬ್ಬಿಸಿ ಹೊತ್ತೇರುವ ಮೊದಲೇ ಹೊಲ ಮುಟ್ಟಿಸಿದವಳು ಆಕೆಯೇ. ಇಷ್ಟ್ಯಾಕ ಅವಸರ ಎಂದು ತಮ್ಮ ಕೇಳಿದರೆ, "ಬಿಸಲಿಗೆ ಅವ್ವಗ ಆಗಂಗಿಲ್ಲೋ" ಎಂದಳು. ಖರೆ ಕಾರಣ ನನಗೊಬ್ಬನಿಗೇ ಗೊತ್ತಿತ್ತು. ಹೊತ್ತೇರಿದರೆ ಗಾಳಿ ಏಳುತ್ತದೆ. ಜೋಳದ ಬೆಳೆಯ ನಡುವೆ ಕಣಿಕೆ ದಂಟಿನ ಸಣ್ಣ ಗುಡಿಸಲು ಹಾಕಿ, ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಪಾಂಡವರೆಂದು ಕೂಡಿಸಿದ್ದರು. ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಭಜ್ಜಿಯ ಪಾತ್ರೆ, ಕಡುಬು, ಸಜ್ಜೆ ರೊಟ್ಟಿಯ ಬುಟ್ಟಿಗಳು ಬಂದಿಳಿದವು. ನೆರೆಯ ಹೊಲದವರೂ ಸೇರಿ ಮೂವತ್ತು ಜನವಾದರೂ ಇದ್ದರು. ನಾನು ಡಬ್ಬಿ ಬಿಚ್ಚಿ ಹೆಲಿಕಾಪ್ಟರನ್ನು ಕೊಯ್ದ ತೊಗರಿಯ ಖಾಲಿ ನೆಲದ ಮೇಲೆ ಇಟ್ಟಾಗ ಎಲ್ಲರೂ ಸುತ್ತ ನೆರೆದರು.

ಆಗ ಅತ್ತೆ, ಅಂದರೆ ಹೆಂಡತಿಯ ತಾಯಿ, ಪಾಂಡವರ ಪೂಜೆ ಮುಗಿಸಿ ತಾಟು ಹಿಡಿದು ಬಂದಳು. ಎಂಬತ್ತು ದಾಟಿದ ಜೀವ. "ಹೊಸಾ ವಸ್ತು, ಇದಕ್ಕೂ ಪೂಜಿ ಆಗ್ಲಿ ಅಳಿಯಂದ್ರ" ಎನ್ನುತ್ತ, ನಾನು ತಡೆಯುವಷ್ಟರಲ್ಲಿ ಬಗ್ಗಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಂದ ತಗೊಂಡು ಒಂದು ರೆಕ್ಕೆಯ ತುದಿಗೆ ದಪ್ಪಗೆ ಬಳಿದುಬಿಟ್ಟಳು. ಒಂದೇ ರೆಕ್ಕೆಗೆ! ಎರಡು ಟಿಕಳಿಗೆ ಸಮನಾಗುವ ಯಂತ್ರಕ್ಕೆ ಅಷ್ಟು ಹಸಿ ವಿಭೂತಿ ಎಂದರೆ ಅದು ತನ್ನನ್ನು ತಾನೇ ಒದರಿಕೊಂಡು ಚೂರಾಗುತ್ತದೆ. ಒರೆಸೋಣವೆಂದರೆ ಮೂವತ್ತು ಜನರ ಮುಂದೆ ಹಿರಿಯಳು ಹಚ್ಚಿದ ವಿಭೂತಿ.

ಹೆಂಡತಿ ತಾಟಿಗೆ ಕೈ ಹಾಕಿ ಅಷ್ಟೇ ವಿಭೂತಿ ತಗೊಂಡು, ಇನ್ನೊಂದು ರೆಕ್ಕೆಯ ತುದಿಗೆ ಅದೇ ಜಾಗದಲ್ಲಿ ಅದೇ ಮೂರು ಗೆರೆ ಎಳೆದಳು. ಹೆಲಿಕಾಪ್ಟರನ್ನು ಮಗ್ಗುಲಾಗಿಸಿ ಹಿಡಿದು ಯಾವ ರೆಕ್ಕೆ ಕೆಳಗಿಳಿಯುತ್ತದೆಂದು ನೋಡಿದಳು. ಸೆರಗಿನ ತುದಿಯಿಂದ ಒಂದು ಗೆರೆಯ ಅಂಚನ್ನು ತುಸು ಒರೆಸಿದಳು. ಮತ್ತೆ ನೋಡಿದಳು. ಸಮ ನಿಂತಿತು. ಅದನ್ನು ನೆಲಕ್ಕಿಟ್ಟು, ದೇವರಿಗೆ ಕೈ ಮುಗಿದವರ ಹಾಗೆ ಕೈ ಮುಗಿದಳು.

"ಸಾಲಿ ಹತ್ತಲಿಲ್ಲಂದ್ರೂ ನಮ್ ದಡ್ಡಿಗೆ ಭಕ್ತಿ ಭಾಳ" ಎಂದಳು ಅತ್ತೆ. ಎಲ್ಲರೂ ನಕ್ಕರು. ಹೆಂಡತಿ ನನ್ನ ಮುಖ ನೋಡಿದಳು. ಅಲ್ಲಿ ಏನು ನಡೆಯಿತೆಂದು ಆ ಮೂವತ್ತು ಜನರಲ್ಲಿ ತಿಳಿದದ್ದು ನನಗೊಬ್ಬನಿಗೆ. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಮೊದಲ ಬ್ಯಾಟರಿಯಲ್ಲಿ ನಾನು ಹಾರಿಸಿದೆ. ಎದ್ದು ನಿಂತಿತು, ಅಲುಗಾಡಲಿಲ್ಲ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು, ಗಂಡಸರು ಸೀಟಿ ಹೊಡೆದರು. ಇಳಿಸಿದ ಮೇಲೆ ಹೆಂಡತಿಯ ತಮ್ಮ ಓಡಿ ಬಂದು ಕೈ ಹಿಡಿದ.

"ಮಾಮಾ, ಭಾರೀ ಅದ್ರಿ! ಇದನ್ನ ಯಾರು ಕೂಡ್ಸಿ ಕೊಟ್ರು?"

"ಯಾರ್ ಕೊಡ್ತಾರ? ಮೂವತ್ತೊಂದು ವರ್ಷ ಏನ್ ಕತ್ತಿ ಕಾಯ್ದೇನೇನು? ಎಲ್ಲಾ ನಾನಽ ಮಾಡೇನಿ."

"ಅಕ್ಕಾನೂ ಬರ್ತಿದ್ಲೇನ್ರಿ ನಿಮ್ಮ ಸಂಗಟ?"

"ಬರ್ತಿದ್ಲು. ಚಾ ತರ್ತಿದ್ಲು."

ನಾಲಿಗೆ ಎಲ್ಲೂ ತಡವರಿಸಲಿಲ್ಲ. ಹೊಗಳಿಕೆ ಎಂಬುದು ಹಾಗೆ, ಒಂದು ಗುಟುಕು ಕುಡಿದ ಮೇಲೆ ನಡುವೆ ಗ್ಲಾಸು ಇಳಿಸಲಾಗುವುದಿಲ್ಲ. ತಿರುಗಿ ನೋಡಿದರೆ ಹೆಂಡತಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಕೈ ತೊಳೆದು ಒರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಯಾರಾಗಿ ಬಂದಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಆದರೂ ಕೈ ಚಾಚಿದಳು. ನಾನು ಆಗಲೇ ಎರಡನೇ ಬ್ಯಾಟರಿ ಸಿಕ್ಕಿಸುತ್ತಿದ್ದೆ.

"ಇದು ನಂದ್ರೀ" ಎಂದಳು, ನನಗಷ್ಟೇ ಕೇಳುವ ಹಾಗೆ.

ಈಗ ಕೊಟ್ಟರೆ? ಆಕೆ ನನಗಿಂತ ಚಲೋ ಹಾರಿಸುತ್ತಾಳೆ. ಈಗಷ್ಟೇ ಆಡಿದ ಸುಳ್ಳು ಎಲ್ಲರ ಕಣ್ಣ ಮುಂದೆ ಬಯಲಾಗುತ್ತದೆ. "ಗಾಳಿ ಎದ್ದದ. ನಿನ್ನ ಕೈಲೆ ಆಗಂಗಿಲ್ಲ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಆಕೆ ಬಗ್ಗಿ ನೆಲದಿಂದ ಒಣಗಿದ ತೊಗರಿಯ ಎಲೆ ಒಂದು ಹಿಡಿ ತಗೊಂಡಳು, ಪುಡಿ ಮಾಡಿದಳು, ತಲೆಯ ಮಟ್ಟದಿಂದ ಬಿಟ್ಟಳು. ಪುಡಿ ನೆಟ್ಟಗೆ ಆಕೆಯ ಪಾದದ ಮೇಲೆ ಬಿತ್ತು.

"ಗಾಳಿ ಇಲ್ರೀ."

ನಾನು ಅದನ್ನು ಮೇಲಕ್ಕೆಬ್ಬಿಸಿದೆ. ನಾಲ್ಕೂವರೆ ನಿಮಿಷ ಹಾರಿಸಿದೆ, ಬ್ಯಾಟರಿಯ ಕೊನೆಯ ಹನಿಯವರೆಗೆ. ಹೊಲದಲ್ಲಿ ಕರೆಂಟು ಎಲ್ಲಿಯದು, ಮತ್ತೆ ಚಾರ್ಜು ಮಾಡುವ ಮಾತೇ ಇಲ್ಲ. ಇಳಿಸುವಾಗ ನೋಡಿದರೆ ಆಕೆ ಅಲ್ಲಿರಲಿಲ್ಲ. ಉಣ್ಣುವ ಮೊದಲು ಅಡಿಗೆಯನ್ನು ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸುವ ಪದ್ಧತಿ ನಮ್ಮದು, ಚರಗ ಎನ್ನುತ್ತೇವೆ. ತಮ್ಮ ಚರಗ ಚೆಲ್ಲುತ್ತ ಮುಂದೆ ಹೋಗುತ್ತಿದ್ದ, ಆಕೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಅವನ ಹಿಂದೆ ಜೋಳದ ಬದುವಿನ ಮೇಲೆ ನಡೆಯುತ್ತಿದ್ದಳು.

ಮನೆಗೆ ಬಂದು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಮಾಡಿದ್ದರೆ ಚಲೋ ಇತ್ತು, ಜಗಳದಲ್ಲಿ ನಾನು ಗಟ್ಟಿ. ಮರುದಿನ ನಸುಕಿನಲ್ಲಿ ಎಬ್ಬಿಸಿದರೆ "ಕೆಲಸ ಅದ್ರಿ, ನೀವು ಹೋಗ್ರಿ" ಎಂದಳು. ಅದರ ಮರುದಿನವೂ ಅದೇ ಮಾತು. ಒಂದು ವಾರದ ನಂತರ "ತಪ್ಪಾತು, ಬಾ ಬೇ" ಎಂದೆ. "ತಪ್ಪೇನದ್ರಿ ಅದ್ರಾಗ" ಎಂದು ಮೊರ ಎತ್ತಿಕೊಂಡಳು. ಆಮೇಲೆ ಆಕೆ ಆ ಬಯಲಿಗೆ ಕಾಲಿಡಲಿಲ್ಲ. ನಾನೂ ಅದನ್ನು ಹೆಚ್ಚು ಹಾರಿಸಲಿಲ್ಲ. ಬಿದ್ದು ಒಂದು ಕಡ್ಡಿ ಬಾಗಿದರೆ ಅದನ್ನು ಮತ್ತೆ ಹೊಂದಿಸುವುದು ನನ್ನಿಂದಾಗದು ಎಂಬ ಹೆದರಿಕೆ. ಒಂದು ಸ್ಕ್ರೂ ಸಹ ಮುಟ್ಟದೆ, ಒರೆಸಿ ಒರೆಸಿ ಕಪಾಟಿನ ಮೇಲಿಟ್ಟೆ.

ವರ್ಷ ತಿರುಗಿ ಎಳ್ಳ ಅಮಾವಾಸ್ಯೆ ಮತ್ತೆ ಬಂತು. ಈ ಸಲ ಎಲ್ಲರ ಮುಂದೆ ಖರೆ ಹೇಳಿಬಿಡುತ್ತೇನೆ, ರಿಮೋಟು ಆಕೆಯ ಕೈಗಿಡುತ್ತೇನೆ, ಮುಗಿಯಿತು, ಎಂದು ನಿಶ್ಚಯಿಸಿದ್ದೆ. ಅದೇ ಹೊಲ, ಹೆಚ್ಚುಕಡಿಮೆ ಅದೇ ಜನ. ಎಲ್ಲರೂ ನೆರೆದ ಮೇಲೆ ಗಂಟಲು ಸರಿ ಮಾಡಿಕೊಂಡು ಹೇಳಿದೆ:

"ನೋಡ್ರಿ, ಹ್ವಾದ ವರ್ಷ ನಾ ಸುಳ್ಳು ಹೇಳಿದ್ದೆ. ಇದನ್ನ ಕೂಡ್ಸಿದಾಂವ ನಾ ಖರೆ, ಹೊಂದಿಸಿದಾಕಿ ನಿಮ್ಮ ಅಕ್ಕ. ಹಾರಸೂದು ನನಗಿಂತ ಆಕಿಗೇ ಚಲೋ ಬರ್ತದ. ಇವತ್ತು ಆಕಿ ಹಾರಸ್ತಾಳ."

ತಮ್ಮ ಮೊದಲು ನಕ್ಕ, ಹಿಂದೆಯೇ ಎಲ್ಲರೂ ನಕ್ಕರು. "ಮಾಮಾ, ಮುಲ್ಕಿ ನಾಪಾಸ್ ಆದಾಕಿ ಇಮಾನ ಹಾರಸ್ತಾಳೇನ್ರಿ!" ಎಂದ ಅವನು, ಹೊಟ್ಟೆ ಹಿಡಿದುಕೊಂಡು. ಅತ್ತೆ ಮಾತ್ರ ನಗಲಿಲ್ಲ. ಕಣ್ಣು ಒರೆಸಿಕೊಂಡು ಪಕ್ಕದವಳಿಗೆ ಹೇಳಿದಳು: "ನೋಡಬೇ, ಅಳಿಯಂದ್ರ ಮನಸ್ಸು ಎಷ್ಟ್ ದೊಡ್ಡದು. ತಾವು ಮಾಡಿದ್ದನ್ನ ಹೇಣ್ತಿ ಹೆಸರಿಗೆ ಹಾಕ್ತಾರ. ನಮ್ ದಡ್ಡಿ ಪುಣ್ಯಾ ಮಾಡ್ಯಾಳ."

"ಖರೆನಽ ಹೇಳಾಕತ್ತೇನಿ!" ಎಂದು ಕೂಗಿದೆ. ರಿಮೋಟು ಹಿಡಿದು ಹೆಂಡತಿಯ ಹತ್ತಿರ ಹೋದೆ. "ತಗೋ. ತೋರ್ಸು ಇವ್ರಿಗೆ."

ಆಕೆ ಭಜ್ಜಿಯ ಪಾತ್ರೆಯ ಮುಂದೆ ಕೂತಿದ್ದಳು. ರಿಮೋಟನ್ನು ನೋಡಿದಳು, ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎಲ್ಲರ ಕಡೆಗೆ ತಿರುಗಿ, ನಗುತ್ತ, ಹಗುರಾಗಿ ಹೇಳಿದಳು:

"ಇವ್ರು ಚಾಷ್ಟಿ ಮಾಡಾಕತ್ಯಾರ. ನನಗೇನ್ ತಿಳೀತದ ಅದು."

ಎಲ್ಲರೂ ನಂಬಿದರು. ಹಿಂದಿನ ವರ್ಷ ನನ್ನ ಸುಳ್ಳನ್ನು ಎಷ್ಟು ಸಲೀಸಾಗಿ ನಂಬಿದ್ದರೋ, ಅಷ್ಟೇ ಸಲೀಸಾಗಿ ಇದನ್ನೂ ನಂಬಿದರು. ಹಾರಸ್ರಿ ಮಾಮಾ, ಹೊತ್ತೇರ್ತದ, ಎಂದು ಕೂಗೆದ್ದಿತು. ಏನು ಮಾಡಲಿ? ಹಾರಿಸಿದೆ. ಆಕೆ ಇಟ್ಟಿದ್ದ ಮೂರು ಟಿಕ್ ಹಾಗೆಯೇ ಇದ್ದವು. ಹೆಲಿಕಾಪ್ಟರು ಎದೆಯ ಮಟ್ಟಕ್ಕೆ ಎದ್ದು ಅಲುಗದೆ ನಿಂತಿತು, ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಊಟಕ್ಕೆ ಸಾಲಾಗಿ ಕೂತೆವು. ಆಕೆ ಭಜ್ಜಿ ಬಡಿಸುತ್ತ ಬಂದಳು. ತಮ್ಮನಿಗೆ ಕೇಳದೆಯೇ ಎರಡು ಸೌಟು ಸುರಿದಳು, ಅವ್ವನಿಗೆ ಬೈದು ಬಡಿಸಿದಳು, ನೆರೆಯ ಹೊಲದ ಮುದುಕನಿಗೆ ಒತ್ತಾಯ ಮಾಡಿದಳು. ನನ್ನ ಎಲೆಯ ಮುಂದೆ ಬಂದಾಗ ಸೌಟು ಹಿಡಿದು ನಿಂತು, "ಹಾಕ್ಲೇನ್ರಿ?" ಎಂದು ಕೇಳಿದಳು, ಪರಸ್ಥಳದಿಂದ ಬಂದ ನೆಂಟರನ್ನು ಕೇಳುವ ಹಾಗೆ. ನಾನು ಸಾಕು ಎಂದೆ. ಆಕೆ ಮುಂದಿನ ಎಲೆಗೆ ಹೋದಳು.